ಕೈಯಾರೆ ಬರೆದ ದಾರಿ

ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಥಾಣೆ ತಲುಪಿತು. ಮರುವರ್ಷ ಹಳಿ ಕಲ್ಯಾಣ್ ಮುಟ್ಟಿತು. ಮುಂದೆ ಅಲ್ಲಿಂದ ದಾರಿ ಎರಡಾಗಿ ಕವಲೊಡೆಯಿತು: ಒಂದು ಕಸಾರಾ ಕಡೆಯಿಂದ ಥಳ್ ಘಾಟ್ ಹತ್ತಿ ಇಗತ್‌ಪುರಿಗೆ, ಇನ್ನೊಂದು ಕರ್ಜತ್ ಕಡೆಯಿಂದ ಭೋರ್ ಘಾಟ್ ಹತ್ತಿ ಪುಣೆಗೆ. ಯಾವ ಗಾಡಿ ಯಾವ ಕಡೆ ತಿರುಗಬೇಕೆಂಬುದನ್ನು ಗಾಡಿ ತೀರ್ಮಾನಿಸುವುದಿಲ್ಲ. ಅದು ಮೊದಲೇ ಗೊತ್ತುಮಾಡಿಟ್ಟ ಸಂಗತಿ. ಕಂಪ್ಯೂಟರ್ ಜಾಲದ ರೂಟರ್ ಕೂಡ ಇಂಥದೊಂದು ಜಂಕ್ಷನ್. ಅದರ ಪಟ್ಟಿಯಲ್ಲಿ ಮನುಷ್ಯನೇ ಬರೆದಿಟ್ಟ ದಾರಿಗೆ ಸ್ಟ್ಯಾಟಿಕ್ ರೂಟ್ ಎಂದು ಹೆಸರು.

ಭಾರತದ ಜಾಲ ಶುರುವಾದದ್ದೂ ಕೈಬರಹದ ದಾರಿಗಳಿಂದಲೇ. 1986ರಲ್ಲಿ ಆರಂಭವಾದ ಅರ್ನೆಟ್ ಯೋಜನೆಯಲ್ಲಿ ಬೆಂಗಳೂರಿನ ಐಐಎಸ್‌ಸಿ, ಐದು ಐಐಟಿಗಳು ಮತ್ತು ಮುಂಬಯಿಯ ಎನ್‌ಸಿಎಸ್‌ಟಿ ಸೇರಿದ್ದವು. ಎನ್‌ಸಿಎಸ್‌ಟಿಯನ್ನು ಮುನ್ನಡೆಸುತ್ತಿದ್ದವರು ಶ್ರೀನಿವಾಸನ್ ರಮಣಿ. ಆ ಸಂಸ್ಥೆ ಮುಂದೆ ಸಿ-ಡ್ಯಾಕ್‌ನಲ್ಲಿ ವಿಲೀನವಾಯಿತು. ಮೊದಲ ಇಮೇಲ್‌ಗಳು ಓಡಾಡಿದ್ದು ಡಯಲ್-ಅಪ್ ಫೋನ್ ಸಾಲಿನ ಮೇಲೆ, ಯುಯುಸಿಪಿ ಎಂಬ ವ್ಯವಸ್ಥೆಯಲ್ಲಿ. ಅದರ ಹಳೆಯ ರೂಢಿಯಲ್ಲಿ ಪತ್ರ ಯಾವ ಯಾವ ಯಂತ್ರ ದಾಟಿ ಹೋಗಬೇಕೆಂಬುದನ್ನು ವಿಳಾಸದಲ್ಲೇ ಆಶ್ಚರ್ಯಸೂಚಕ ಚಿಹ್ನೆ ಹಾಕಿ ಸಾಲಾಗಿ ಬರೆಯಬೇಕಿತ್ತು. ನಡುವಿನ ಒಂದು ಯಂತ್ರ ಕೆಟ್ಟರೆ ಪತ್ರ ಅಲ್ಲೇ ನಿಲ್ಲುತ್ತಿತ್ತು.

ಐಪಿ ಜಾಲದಲ್ಲಿ ಅಷ್ಟು ಬರೆಯಬೇಕಿಲ್ಲ. ತಲುಪಬೇಕಾದ ಜಾಲ, ಅದರ ಅಳತೆ ಹೇಳುವ ಮಾಸ್ಕ್, ಮುಂದಿನ ಒಂದೇ ಒಂದು ರೂಟರ್‌ನ ವಿಳಾಸ: ಇಷ್ಟು ಸಾಕು. ಒಂದು ಕಚೇರಿ ಥಾಣೆಯಲ್ಲಿ, ಇನ್ನೊಂದು ನವಿ ಮುಂಬಯಿಯ ಬೇಲಾಪುರದಲ್ಲಿ ಇದೆ ಎಂದುಕೊಳ್ಳಿ. ಥಾಣೆಯ ರೂಟರ್‌ಗೆ ಬೇಲಾಪುರದ ದಾರಿ ಹೇಳಿದರೆ ಅರ್ಧ ಕೆಲಸ ಮಾತ್ರ ಆಯಿತು. ಬೇಲಾಪುರದ ರೂಟರ್‌ಗೂ ಥಾಣೆಯ ದಾರಿ ಹೇಳದಿದ್ದರೆ ಪ್ಯಾಕೆಟ್ ಹೋಗುತ್ತದೆ, ಉತ್ತರ ಬರುವುದಿಲ್ಲ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ.

ಇದಕ್ಕಿಂತ ದೊಡ್ಡ ಕೊರತೆ, ಈ ಸಾಲಿಗೆ ಕಿವಿಯಿಲ್ಲದಿರುವುದು. ತಂತಿ ರೂಟರ್‌ನ ಬಾಯಲ್ಲೇ ಕಳಚಿದರೆ ಆ ದಾರಿ ಪಟ್ಟಿಯಿಂದ ತಾನಾಗಿ ಹೋಗುತ್ತದೆ. ಆದರೆ ನಡುವೆ ಸ್ವಿಚ್ ಇದ್ದು, ಅದರಾಚೆ ಎಲ್ಲೋ ರಸ್ತೆ ಅಗೆದವರು ಕೇಬಲ್ ಕಡಿದರೆ ರೂಟರ್‌ಗೆ ಸುದ್ದಿಯೇ ಮುಟ್ಟುವುದಿಲ್ಲ. ಅದು ಪ್ಯಾಕೆಟ್‌ಗಳನ್ನು ಇಲ್ಲದ ದಾರಿಗೆ ಸುರಿಯುತ್ತಲೇ ಇರುತ್ತದೆ.

ಈ ಕುಂದನ್ನು ನೀಗಲು ಬಂದದ್ದು ರೂಟರ್‌ಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ದಾರಿ ಹುಡುಕುವ ಪದ್ಧತಿ. 1969ರ ಅರ್ಪಾನೆಟ್‌ನಲ್ಲೇ ಅದಿತ್ತು. 1988ರಲ್ಲಿ ರಿಪ್, 1989ರಲ್ಲಿ ಓಎಸ್‌ಪಿಎಫ್ ಮತ್ತು ಬಿಜಿಪಿ ನಿಯಮಗಳು ಬರಹರೂಪದಲ್ಲಿ ಪ್ರಕಟವಾದವು. ಆದರೂ ಮನುಷ್ಯನ ಮಾತಿಗೇ ಮೊದಲ ಮಣೆ ಉಳಿಯಿತು. ಸಿಸ್ಕೋ ಸಾಧನಗಳಲ್ಲಿ ಪ್ರತಿ ದಾರಿಯ ಮೂಲಕ್ಕೂ ಒಂದು ಅಂಕಿಯಿದೆ. ಅಂಕಿ ಕಡಿಮೆಯಾದಷ್ಟೂ ನಂಬಿಕೆ ಹೆಚ್ಚು. ಸ್ಟ್ಯಾಟಿಕ್ ರೂಟ್‌ಗೆ 1, ಓಎಸ್‌ಪಿಎಫ್‌ಗೆ 110, ರಿಪ್‌ಗೆ 120. ಬಲ್ಲವರು ಇದನ್ನೇ ಉಪಾಯವಾಗಿ ಬಳಸುತ್ತಾರೆ. ಕಲ್ಯಾಣ್ ಮೇಲಿನ ಎರಡನೇ ತಂತಿಯ ಸಾಲಿಗೆ 200 ಎಂದು ಬರೆದಿಟ್ಟರೆ, ಮೊದಲ ದಾರಿ ಪಟ್ಟಿಯಿಂದ ಬಿದ್ದಾಗ ಮಾತ್ರ ಅದು ಮೇಲೆದ್ದು ಬರುತ್ತದೆ.

ಒಳಗೆ ಉಳಿಯಬೇಕಾದ ದಾರಿ ಹೊರಗೆ ಸೋರಿದರೆ ಏನಾಗುತ್ತದೆಂದು 2008ರ ಫೆಬ್ರವರಿ 24 ತೋರಿಸಿತು. ಸರ್ಕಾರದ ಆದೇಶದಂತೆ ಯೂಟ್ಯೂಬ್ ತಡೆಯಲು ಹೊರಟ ಪಾಕಿಸ್ತಾನ್ ಟೆಲಿಕಾಂ, ಯೂಟ್ಯೂಬ್‌ನ 256 ವಿಳಾಸಗಳ ದಾರಿ ತನ್ನಲ್ಲಿದೆ ಎಂದು ಹೊರಜಗತ್ತಿಗೂ ಸಾರಿಬಿಟ್ಟಿತು. ಯೂಟ್ಯೂಬ್ ಸಾರುತ್ತಿದ್ದದ್ದು 1024 ವಿಳಾಸಗಳ ದೊಡ್ಡ ಗುಂಪನ್ನು. ಹೆಚ್ಚು ನಿಖರವಾದ, ಅಂದರೆ ಚಿಕ್ಕ ಗುಂಪಿನ ದಾರಿಯನ್ನೇ ಆರಿಸುವುದು ರೂಟರ್‌ಗಳ ನಿಯಮ. ಹಾಗಾಗಿ ಜಗತ್ತಿನ ಬಹುಪಾಲು ಯೂಟ್ಯೂಬ್ ಸಂಚಾರ ಎರಡು ಗಂಟೆಗೂ ಹೆಚ್ಚು ಕಾಲ ಅಡ್ಡದಾರಿ ಹಿಡಿಯಿತು. ಭಾರತದಲ್ಲಿ ಆಗ ನಡುರಾತ್ರಿ ದಾಟಿತ್ತು.

ಇಷ್ಟಾದರೂ ಸ್ಟ್ಯಾಟಿಕ್ ರೂಟ್ ಬಳಕೆಯಿಂದ ಹೋಗಿಲ್ಲ, ಹೋಗಬೇಕಾಗಿಯೂ ಇಲ್ಲ. ಡೊಂಬಿವಲಿಯ ಒಂದು ಸಣ್ಣ ಕಚೇರಿಗೆ ಹೊರಹೋಗಲು ಇರುವುದು ಒಂದೇ ತಂತಿಯಾದರೆ, ‘ಗೊತ್ತಿಲ್ಲದ್ದೆಲ್ಲ ಆ ಕಡೆ ಕಳಿಸು’ ಎನ್ನುವ 0.0.0.0 ಸಾಲೊಂದೇ ಸಾಕು. ಅಲ್ಲಿ ಆರಿಸಲು ಬೇರೆ ದಾರಿಯೇ ಇಲ್ಲ. ಬರೆದವರು ಕೆಲಸ ಬಿಟ್ಟುಹೋದರೂ ಆ ಸಾಲು ಉಳಿಯುತ್ತದೆ. ಅದನ್ನು ಯಾರು, ಯಾವಾಗ, ಏಕೆ ಬರೆದರೆಂಬ ಟಿಪ್ಪಣಿ ಪಕ್ಕದಲ್ಲಿದ್ದರೆ, ಮುಂದೊಂದು ದಿನ ತಂತಿ ಬದಲಾದಾಗ ಅದನ್ನು ಅಳಿಸಲು ಬರುವವರಿಗೆ ಧೈರ್ಯವಿರುತ್ತದೆ.