ಚೊಚ್ಚಲ ಋತುವಿನ ಅಂಕಗಳು: ಎನ್‌ಬಿಎ ಇತಿಹಾಸ ಮತ್ತು ಮುಂಬೈಯ ಅಂಕಣಗಳು

2019ರ ಅಕ್ಟೋಬರ್ 4 ಮತ್ತು 5ರಂದು ಮುಂಬೈನ ವರ್ಲಿಯ ಎನ್‌ಎಸ್‌ಸಿಐ ಒಳಾಂಗಣ ಕ್ರೀಡಾಂಗಣದಲ್ಲಿ ಇಂಡಿಯಾನಾ ಪೇಸರ್ಸ್ ಮತ್ತು ಸ್ಯಾಕ್ರಮೆಂಟೊ ಕಿಂಗ್ಸ್ ತಂಡಗಳು ಎರಡು ಪ್ರದರ್ಶನ ಪಂದ್ಯಗಳನ್ನು ಆಡಿದವು. ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ತಂಡಗಳು ಭಾರತದಲ್ಲಿ ಆಡಿದ್ದು ಅದೇ ಮೊದಲು. ಕಿಂಗ್ಸ್ ತಂಡದ ಒಡೆತನದಲ್ಲಿ ಮುಂದಾಳಾಗಿರುವ ವಿವೇಕ್ ರಣದಿವೆ ಮುಂಬೈಯಲ್ಲೇ ಹುಟ್ಟಿ ಬೆಳೆದವರು. ಅವರ ತಂಡ ಹಿಂದಿನ ವರ್ಷ ಕೈಗೊಂಡಿದ್ದ ಒಂದು ತೀರ್ಮಾನದಿಂದಲೇ ಹೊಸಬರ ಅಂಕಗಳು ಏಕೆ ಇಳಿದಿವೆ ಎಂಬ ಈ ಲೇಖನದ ಪ್ರಶ್ನೆಯನ್ನು ಎತ್ತಿಕೊಳ್ಳಬಹುದು.

ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ 2018ರ ಆಯ್ಕೆಯಲ್ಲಿ (ಡ್ರಾಫ್ಟ್) ಎರಡನೆಯ ಸರದಿ ಕಿಂಗ್ಸ್‌ನದು. ಅದು ಮಾರ್ವಿನ್ ಬ್ಯಾಗ್ಲಿಯನ್ನು ಆರಿಸಿತು. ಮೂರನೆಯವರಾಗಿ ಆಯ್ಕೆಯಾದ ಲೂಕಾ ಡಾನ್ಚಿಚ್ ಡಲ್ಲಾಸ್ ತಂಡದ ಪಾಲಾದರು. ಇಬ್ಬರಿಗೂ ಆಗ 19 ವರ್ಷ. ಹುಟ್ಟಿದ ದಿನಗಳ ನಡುವಿನ ಅಂತರ ಎರಡೇ ವಾರ. ಮೊದಲ ಋತುವಿನಲ್ಲಿ ಡಾನ್ಚಿಚ್ ಪಂದ್ಯವೊಂದಕ್ಕೆ ಸರಾಸರಿ 21.2 ಅಂಕ ಗಳಿಸಿದರೆ ಬ್ಯಾಗ್ಲಿ 14.9 ಗಳಿಸಿದರು. ಬ್ಯಾಗ್ಲಿ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷ ಆಡಿ ಬಂದವರು. ಡಾನ್ಚಿಚ್ 16ನೆಯ ವಯಸ್ಸಿನಿಂದಲೇ ರಿಯಲ್ ಮ್ಯಾಡ್ರಿಡ್‌ನ ಹಿರಿಯರ ತಂಡದಲ್ಲಿ ವೃತ್ತಿಪರರ ಜೊತೆ ಆಡಿ, ಯೂರೋಲೀಗ್‌ನ ಅತ್ಯುತ್ತಮ ಆಟಗಾರ ಎನಿಸಿಕೊಂಡು ಬಂದಿದ್ದರು. ದಾಖಲೆಯಲ್ಲಿ ಇಬ್ಬರೂ ಹೊಸಬರೇ. ಆದರೆ ಒಬ್ಬರ ಕಲಿಕೆಯ ಕಾಲ ಲೀಗಿಗೆ ಬರುವ ಮೊದಲೇ ಮುಗಿದಿತ್ತು, ಇನ್ನೊಬ್ಬರದು ಲೀಗಿನೊಳಗೆ ಶುರುವಾಯಿತು.

ಹಳೆಯ ದಾಖಲೆಗಳನ್ನು ನೋಡಿದವರಿಗೆ ಇಂದಿನ ಹೊಸಬರು ಸಪ್ಪೆ ಎನಿಸುವುದು ಸಹಜ. ವಿಲ್ಟ್ ಚೇಂಬರ್ಲೇನ್ 1959-60ರ ತಮ್ಮ ಮೊದಲ ಋತುವಿನಲ್ಲಿ 37.6 ಅಂಕಗಳ ಸರಾಸರಿ ಕಾಯ್ದುಕೊಂಡರು. ಮರುವರ್ಷ ಆಸ್ಕರ್ ರಾಬರ್ಟ್‌ಸನ್ 30.5, ಅದರ ಮರುವರ್ಷ ವಾಲ್ಟ್ ಬೆಲ್ಲಮಿ 31.6. 1969-70ರಲ್ಲಿ ಕರೀಂ ಅಬ್ದುಲ್ ಜಬ್ಬಾರ್ 28.8, 1984-85ರಲ್ಲಿ ಮೈಕೆಲ್ ಜೋರ್ಡನ್ 28.2. ಇತ್ತ 2024-25ರಲ್ಲಿ ವರ್ಷದ ಅತ್ಯುತ್ತಮ ಹೊಸಬ ಎನಿಸಿದ ಸ್ಟೆಫನ್ ಕ್ಯಾಸಲ್ ಅವರ ಸರಾಸರಿ 14.7.

ಈ ಇಳಿಕೆಗೆ ಸಾಮಾನ್ಯವಾಗಿ ಕೊಡುವ ಉತ್ತರ ಆಟದ ವೇಗದ್ದು. 1960ರ ಸುಮಾರಿನಲ್ಲಿ ತಂಡವೊಂದು ಪಂದ್ಯಕ್ಕೆ ನೂರಕ್ಕೂ ಹೆಚ್ಚು ಬಾರಿ ಬುಟ್ಟಿಗೆ ಗುರಿಯಿಡುತ್ತಿತ್ತು, ಈಗ ಅದು 89ರ ಆಸುಪಾಸಿಗೆ ಇಳಿದಿದೆ ಎನ್ನುತ್ತಾರೆ. ಮಾತು ನಿಜ, ಆದರೆ ಅಷ್ಟರಿಂದಲೇ ಲೆಕ್ಕ ಕೂಡುವುದಿಲ್ಲ. 1959-60ರಲ್ಲಿ ತಂಡವೊಂದರ ಸರಾಸರಿ ಸುಮಾರು 115 ಅಂಕ. 2023-24ರಲ್ಲಿ ಸುಮಾರು 114. ಎಸೆತಗಳು ಕಡಿಮೆಯಾದರೂ ಗುರಿ ಪಕ್ವವಾಗಿದೆ, 1979-80ರಲ್ಲಿ ಬಂದ ಮೂರು ಅಂಕದ ಗೆರೆಯೂ ಸೇರಿ ಕೊರತೆ ತುಂಬಿದೆ. ತಂಡ ಗಳಿಸುವ ಮೊತ್ತ ಅಷ್ಟೇ ಇದ್ದೂ ಹೊಸಬರ ಪಾಲು ಮಾತ್ರ ಕುಗ್ಗಿದೆ ಎಂದಾದರೆ, ಹುಡುಕಬೇಕಾದದ್ದು ಆ ಪಾಲನ್ನು ಹಂಚುವ ರೀತಿಯಲ್ಲಿ.

ಅಂಕಗಳ ಪಕ್ಕದಲ್ಲಿರುವ ನಿಮಿಷಗಳ ಕಾಲಂ ಇಲ್ಲಿ ನೆರವಿಗೆ ಬರುತ್ತದೆ. ಪಂದ್ಯ ಇರುವುದು 48 ನಿಮಿಷ. ಚೇಂಬರ್ಲೇನ್ ಮೊದಲ ಋತುವಿನಲ್ಲಿ ಸರಾಸರಿ 46.4 ನಿಮಿಷ ಅಂಕಣದಲ್ಲಿದ್ದರು, ರಾಬರ್ಟ್‌ಸನ್ 42.7, ಜಬ್ಬಾರ್ 43.1. 2023-24ರಲ್ಲಿ 21.4 ಅಂಕ ಗಳಿಸಿದ ಫ್ರಾನ್ಸಿನ ವಿಕ್ಟರ್ ವೆಂಬನ್ಯಾಮಾ ಆಡಿದ್ದು 29.7 ನಿಮಿಷ. ಎಲ್ಲರನ್ನೂ 36 ನಿಮಿಷದ ಒಂದೇ ಅಳತೆಗೆ ತಂದರೆ ವೆಂಬನ್ಯಾಮಾ 25.9, ರಾಬರ್ಟ್‌ಸನ್ 25.7, ಜೋರ್ಡನ್ 26.5, ಜಬ್ಬಾರ್ 24.1 ಎಂದಾಗುತ್ತದೆ. ಚೇಂಬರ್ಲೇನ್ 29.2ರಲ್ಲಿ ಆಗಲೂ ಎತ್ತರದಲ್ಲೇ ನಿಲ್ಲುತ್ತಾರೆ. ಅವರ ಮಾತೇ ಬೇರೆ. ಉಳಿದವರ ನಡುವೆ ನಾವು ಕಾಣುತ್ತಿದ್ದ ಕಂದಕ ಹೆಚ್ಚುಕಡಿಮೆ ಮುಚ್ಚಿಹೋಗುತ್ತದೆ. ಈ ಪಟ್ಟಿಯನ್ನು ಬಿಡಿಸಿ ನೋಡದೆ ಈ ತಲೆಮಾರಿನ ಹುಡುಗರನ್ನು ಹಳಿಯುವುದು ಅನ್ಯಾಯ ಎಂದೇ ನನ್ನ ಭಾವನೆ.

ಹಾಗಿದ್ದರೆ ನಿಮಿಷಗಳು ಏಕೆ ಇಳಿದವು? ದೇಹವನ್ನು ಕಾಪಾಡಿಕೊಳ್ಳುವ ಇಂದಿನ ಎಚ್ಚರ ಒಂದು ಕಾರಣ. ಅದಕ್ಕಿಂತ ದೊಡ್ಡದು ವಯಸ್ಸು. ಹಿಂದೆ ಸಹಪಾಠಿಗಳ ಪದವಿ ಮುಗಿಯುವ ವರ್ಷದವರೆಗೆ ಯಾರನ್ನೂ ಎನ್‌ಬಿಎ ಸೇರಿಸಿಕೊಳ್ಳುತ್ತಿರಲಿಲ್ಲ. ಕಾಲೇಜನ್ನು ನಡುವೆಯೇ ಬಿಟ್ಟ ಚೇಂಬರ್ಲೇನ್ ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ಜೊತೆ ಒಂದು ವರ್ಷ ಕಳೆದು, 23ನೆಯ ವಯಸ್ಸಿನಲ್ಲಿ ಲೀಗಿಗೆ ಕಾಲಿಟ್ಟರು. ರಾಬರ್ಟ್‌ಸನ್ ಬಂದದ್ದು 1960ರ ರೋಮ್ ಒಲಿಂಪಿಕ್ಸ್‌ನ ಚಿನ್ನದ ಪದಕದೊಂದಿಗೆ. (ಅದೇ ಒಲಿಂಪಿಕ್ಸ್ ತಂಡದ ಜೆರ್ರಿ ವೆಸ್ಟ್ ಮೊದಲ ಋತುವಿನಲ್ಲಿ ಗಳಿಸಿದ್ದು 17.6. ಹಳೆಯ ಕಾಲದ ಹೊಸಬರೆಲ್ಲ ಮೂವತ್ತು ದಾಟಿದವರಲ್ಲ.) 1971ರಲ್ಲಿ ಸ್ಪೆನ್ಸರ್ ಹೇವುಡ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆಟಗಾರನ ಪರ ನಿಂತ ಮೇಲೆ ಆ ಕಟ್ಟು ಸಡಿಲವಾಯಿತು. 1995ರಲ್ಲಿ ಕೆವಿನ್ ಗಾರ್ನೆಟ್, 1996ರಲ್ಲಿ ಕೋಬಿ ಬ್ರಯಾಂಟ್ ಹೈಸ್ಕೂಲಿನಿಂದ ನೇರ ಬಂದರು. ಗಾರ್ನೆಟ್ ಮೊದಲ ಋತುವಿನಲ್ಲಿ ಗಳಿಸಿದ್ದು 10.4, ಬ್ರಯಾಂಟ್ 7.6. ನಾಲ್ಕು ವರ್ಷ ಕಾಲೇಜಿನಲ್ಲಿ ಆಡಿ 1997ರಲ್ಲಿ ಬಂದ ಟಿಮ್ ಡಂಕನ್ 21.1. ಮೂವರೂ ಮುಂದೆ ಈ ಆಟದ ಮೇರುಗಳಾದವರು, ಆದ್ದರಿಂದ ಇಲ್ಲಿ ಪ್ರತಿಭೆಯ ಅಂತರದ ಮಾತೇ ಬರುವುದಿಲ್ಲ. 2006ರಿಂದ, ಆಯ್ಕೆಯ ವರ್ಷದೊಳಗೆ 19 ವರ್ಷ ತುಂಬಬೇಕೆಂಬ ನಿಯಮ ಬಂತು. ಕಾಲೇಜಿನಲ್ಲಿ ಒಂದು ವರ್ಷ ಕಳೆದು ಹೊರಡುವುದು ರೂಢಿಯಾಯಿತು. ತಂಡಗಳು ಈಗ ಹುಡುಗನ ಇವತ್ತಿನ ಆಟಕ್ಕಿಂತ ಐದು ವರ್ಷದ ನಂತರದ ಆಟವನ್ನು ಕೊಳ್ಳುತ್ತವೆ.

ಮುಂಬೈಯಲ್ಲಿ ಇದೇ ತರ್ಕ ಕ್ರಿಕೆಟ್ಟಿನಲ್ಲಿ ತಿರುವುಮುರುವಾಗಿ ಕಾಣುತ್ತದೆ. ಇಲ್ಲಿ ಚೊಚ್ಚಲ ಋತು ಎಂದರೆ ರನ್ ಮಳೆಯ ನೆನಪು. 1988ರ ಡಿಸೆಂಬರಿನಲ್ಲಿ 15 ವರ್ಷದ ಸಚಿನ್ ತೆಂಡುಲ್ಕರ್ ಗುಜರಾತ್ ವಿರುದ್ಧ ಮೊದಲ ರಣಜಿ ಪಂದ್ಯದಲ್ಲೇ ಅಜೇಯ ಶತಕ ಬಾರಿಸಿದರು. 1994ರಲ್ಲಿ ಅಮೋಲ್ ಮುಜುಂದಾರ್ ಹರಿಯಾಣ ವಿರುದ್ಧ ಮೊದಲ ಪಂದ್ಯದಲ್ಲೇ 260 ಹೊಡೆದರು. ಇದರ ಹಿಂದಿರುವುದು ಹ್ಯಾರಿಸ್ ಶೀಲ್ಡ್, ಗೈಲ್ಸ್ ಶೀಲ್ಡ್‌ಗಳ ಶಾಲಾ ಕ್ರಿಕೆಟ್ಟು ಮತ್ತು 1948ರಿಂದ ಮಳೆಗಾಲದ ಒದ್ದೆ ಪಿಚ್ಚಿನಲ್ಲಿ ನಡೆದುಬಂದ ಕಾಂಗಾ ಲೀಗ್. 1988ರ ಫೆಬ್ರವರಿಯಲ್ಲಿ ಆಜಾದ್ ಮೈದಾನದಲ್ಲಿ ಶಾರದಾಶ್ರಮ ಶಾಲೆಯ ಪರ ತೆಂಡುಲ್ಕರ್ ಮತ್ತು ವಿನೋದ್ ಕಾಂಬ್ಳಿ ಮುರಿಯದ 664 ರನ್ ಜೊತೆಯಾಟ ಆಡುತ್ತಿದ್ದಾಗ, ಮುಂದಿನ ಸರದಿಯ ಮುಜುಂದಾರ್ ಪ್ಯಾಡ್ ಕಟ್ಟಿಕೊಂಡು ಕೂತೇ ಇದ್ದರು. ರಣಜಿಗೆ ಬರುವಷ್ಟರಲ್ಲಿ ಅಂಥ ಹುಡುಗರು ಹಲವು ವರ್ಷಗಳ ಆಟವನ್ನು ಬೆನ್ನಿಗೆ ಹಾಕಿಕೊಂಡಿರುತ್ತಿದ್ದರು.

ಮುಂಬೈಯ ಬಾಸ್ಕೆಟ್‌ಬಾಲಿಗೂ ಅಂಥದೇ ಒಂದು ಗರಡಿ ಇತ್ತು, ಈಗಲೂ ಇದೆ: ನಾಗಪಾಡಾ. 1920ರ ದಶಕದಲ್ಲಿ ಅಮೆರಿಕನ್ ಮರಾಠಿ ಮಿಷನ್ ಅಲ್ಲಿ ಕಟ್ಟಿದ ನೈಬರ್‌ಹುಡ್ ಹೌಸ್‌ನ ಮುಂದಾಳು ಕ್ಲಿಫರ್ಡ್ ಮ್ಯಾನ್‌ಶಾರ್ಟ್. ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ 1936ರಲ್ಲಿ ಆರಂಭವಾದದ್ದೂ ಅದೇ ಕಟ್ಟಡದಲ್ಲಿ. ಕಾರ್ಮಿಕರ ಇಕ್ಕಟ್ಟಿನ ಬಡಾವಣೆಗೆ ಕಡಿಮೆ ಜಾಗ ಬೇಡುವ ಬಾಸ್ಕೆಟ್‌ಬಾಲ್ ಒಗ್ಗಿತು. ಕ್ರಿಕೆಟ್ಟಿಗೆ ಮೈದಾನವೇ ಬೇಕು. ಈ ಆಟಕ್ಕೆ 28 ಮೀಟರ್ ಉದ್ದ, 15 ಮೀಟರ್ ಅಗಲದ ಗಟ್ಟಿ ನೆಲ ಸಾಕು. ಈ ಕೇರಿಯಿಂದಲೇ ಬಂದ ಅಬ್ಬಾಸ್ ಮುಂತಸಿರ್ ಭಾರತ ತಂಡವನ್ನು ಮುನ್ನಡೆಸಿ 1970ರ ಅರ್ಜುನ ಪ್ರಶಸ್ತಿ ಪಡೆದರು. ಇತ್ತ ದಕ್ಷಿಣ ಭಾರತೀಯರ ನೆಲೆಯಾದ ಮಾಟುಂಗಾದಲ್ಲಿ ಡಾನ್ ಬಾಸ್ಕೊ ಶಾಲೆಯ ಅಂಕಣದ ಸೇವಿಯೊ ಕಪ್ ಹುಡುಗರಿಗೆ ಇನ್ನೊಂದು ಮೆಟ್ಟಿಲಾಯಿತು.

ನಾಗಪಾಡಾದ ಹುಡುಗನ ಮುಂದಿದ್ದ ದಾರಿ ಮಾತ್ರ ಬೇರೆ. ಆಟ ಪಕ್ವವಾದ ಮೇಲೆ ಅವನಿಗೆ ಸಿಗುತ್ತಿದ್ದದ್ದು ರೈಲ್ವೆಯಲ್ಲೊ ಕಸ್ಟಮ್ಸ್‌ನಲ್ಲೊ ಬ್ಯಾಂಕಿನಲ್ಲೊ ಕ್ರೀಡಾ ಕೋಟಾದ ನೌಕರಿ. ಹೊಸಬನ ಸಂಬಳ, ಹೊಸಬನ ಅಂಕ ಎಂದು ಎಣಿಸುವ ಲೀಗೇ ಇರಲಿಲ್ಲ. 2015ರಿಂದ 2017ರವರೆಗೆ ನಡೆದ ಯುಬಿಎ ಬಾಸ್ಕೆಟ್‌ಬಾಲ್ ಲೀಗಿನಲ್ಲಿ ಮುಂಬೈ ಚಾಲೆಂಜರ್ಸ್ ತಂಡವೂ ಇತ್ತು. ಲೀಗೇ ಹೊಸದಾದ್ದರಿಂದ ಅಲ್ಲಿ ಇಲಾಖೆಗಳ ಆಟದಲ್ಲಿ ನುರಿತವರೂ ಮೊದಲ ವರ್ಷದವರೇ. ಅಂಥ ಕಡೆ ಹೊಸಬರ ಸರಾಸರಿಯನ್ನು ಅಮೆರಿಕದ ಸರಾಸರಿಯ ಪಕ್ಕ ಇಡುವುದರಲ್ಲಿ ಅರ್ಥವಿಲ್ಲ. ಎರಡು ಕಡೆಯೂ ಕಲಿಕೆ ನಡೆಯುವ ಜಾಗವೇ ಬೇರೆ.

ಮತ್ತೆ ಎನ್‌ಬಿಎಯ ಕಡೆಗೆ ಮರಳಿದರೆ, ಅಲ್ಲಿಗೆ ಹೋಗುವ ದಾರಿಯೂ ಬದಲಾಗುತ್ತಿದೆ. 2021ರಿಂದ ಅಮೆರಿಕದ ಕಾಲೇಜು ಆಟಗಾರರು ತಮ್ಮ ಹೆಸರು ಮತ್ತು ಚಿತ್ರ ಬಳಸಿ ಹಣ ಗಳಿಸಬಹುದು. ಪಂಜಾಬಿನ ಪ್ರಿನ್ಸ್‌ಪಾಲ್ ಸಿಂಗ್ ಅವರೂ ಆಡಿದ್ದ, ಹದಿಹರೆಯದವರನ್ನು ಪಳಗಿಸಲೆಂದೇ ಎನ್‌ಬಿಎ ಕಟ್ಟಿದ್ದ ಇಗ್ನೈಟ್ ತಂಡ 2024ರಲ್ಲಿ ಮುಚ್ಚಿತು. ದುಡ್ಡಿಗಾಗಿ ಕಾಲೇಜು ಬಿಡುವ ಅವಸರ ತಗ್ಗಿ, ಹುಡುಗರು ಮೂರು ನಾಲ್ಕು ವರ್ಷ ಅಲ್ಲೇ ಉಳಿಯುವುದು ಹೆಚ್ಚಿದರೆ, ಲೀಗಿಗೆ ಬರುವ ಹೊಸಬರ ವಯಸ್ಸು ಮತ್ತೆ ಏರುತ್ತದೆ. ನನ್ನ ವಾದ ಸರಿಯಾಗಿದ್ದರೆ ಆಗ ಮೊದಲು ಏರಬೇಕಾದದ್ದು ಅವರ ನಿಮಿಷಗಳು, ಅದರ ಹಿಂದೆಯೇ ಅಂಕಗಳು. ನಿಮಿಷ ಏರಿಯೂ ಅಂಕ ಏರದಿದ್ದರೆ ಈ ಲೇಖನದ ಲೆಕ್ಕವನ್ನು ಮೊದಲಿನಿಂದ ಹಾಕಬೇಕಾಗುತ್ತದೆ.