ಅಮ್ಮಂದಿರು ಅಳೆದು ನೋಡಿದ ಬಾಲವಾಡಿ

ಮುಂಬಯಿ ಕನ್ನಡಿಗರ ಚರಿತ್ರೆ ಎಂದೊಡನೆ ಹೋಟೆಲು, ಬ್ಯಾಂಕು, ಯಕ್ಷಗಾನ, ಸಂಘಗಳ ಮಾತು ಬರುತ್ತದೆ. ಮೂರು ವರ್ಷದ ಮಗುವನ್ನು ಯಾವ ಬಾಲವಾಡಿಗೆ ಹಾಕುವುದೆಂದು ನಮ್ಮ ಹೆಂಗಸರು ಮಾಡಿದ ತೀರ್ಮಾನದ ಮಾತು ಬರುವುದು ಕಡಿಮೆ. ಮುಂದಿನ ತಲೆಮಾರು ಯಾವ ಲಿಪಿ ಓದಬೇಕೆಂಬುದು ಮಾತ್ರ ಅಲ್ಲೇ ನಿಶ್ಚಯವಾಗುತ್ತಿತ್ತು.

ಬಾಲವಾಡಿಯ ಕಥೆಗೂ ಥಾಣೆ ಜಿಲ್ಲೆಗೂ ಹಳೇ ನಂಟು. ಗಿಜುಭಾಯಿ ಬಧೇಕಾ 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಬಾಲಮಂದಿರ ತೆರೆದರು. ಅವರೊಡನೆ ದುಡಿದ ತಾರಾಬಾಯಿ ಮೋಡಕ್, ಮಾಂಟೆಸ್ಸೊರಿ ಪದ್ಧತಿ ಉಳ್ಳವರ ಸೊತ್ತಾಗಬಾರದೆಂದು 1945ರಲ್ಲಿ ಬೋರ್ಡಿ ಎಂಬ ಹಳ್ಳಿಗೆ ಬಂದರು. ದುಬಾರಿ ಸಾಮಾನಿನ ಬದಲು ಚಿಪ್ಪು, ಬೀಜ, ಎಲೆಗಳಿಂದಲೇ ಪಾಠ. ಮಕ್ಕಳು ಬರಲಾಗದ ಕೇರಿಗಳಲ್ಲಿ ಅಂಗಳವೇ ಶಾಲೆ. ಅನುತಾಯಿ ವಾಘ್ ಅವರ ಜೊತೆಗಾರ್ತಿ. 1957ರಲ್ಲಿ ಕೆಲಸ ಕೋಸಬಾಡಕ್ಕೆ ಹೋಯಿತು. ಈ ಊರುಗಳು 2014ರಿಂದ ಪಾಲ್ಘರ್ ಜಿಲ್ಲೆಯಲ್ಲಿವೆ. ಸರಕಾರದ ಅಂಗನವಾಡಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು.

ನನಗೆ ಡೊಂಬಿವಲಿಗೆ ವರ್ಗವಾದದ್ದು 1987ರಲ್ಲಿ. ಗಂಡಸರು ಬೆಳಿಗ್ಗೆ ಲೋಕಲ್ ಹಿಡಿದರೆ ಮನೆ ಸೇರುವುದು ರಾತ್ರಿ. ಊರಿನಲ್ಲಾದರೆ ಅತ್ತೆಯೋ ನಾದಿನಿಯೋ ಇರುತ್ತಿದ್ದರು, ಇಲ್ಲಿ ಯಾರಿದ್ದಾರೆ? ಹಾಗಾಗಿ ನಮ್ಮ ಬಿಲ್ಡಿಂಗಿನ ಕನ್ನಡದ ಹೆಂಗಸರಿಗೆ ಬೇಕಿದ್ದುದು ಟೀಚರಿಗಿಂತ ಹೆಚ್ಚಾಗಿ ಒಬ್ಬ ಚಿಕ್ಕಮ್ಮ. ನಾನು ಫೀಸು ಕೇಳಿದರೆ ನಮ್ಮ ಮನೆಯಾಕೆ, "ಅದಿರಲಿ ರೀ, ಮಗು ಅತ್ತರೆ ಎತ್ತಿಕೊಳ್ತಾರಾ ನೋಡಿ ಬಂದೆ" ಎಂದಳು. ಆಮೇಲೆ ಕಕ್ಕಸು, ಕುಡಿಯುವ ನೀರು. ರೈಲು ಹಳಿ ದಾಟಬಾರದು, ನಡೆದು ಹೋಗುವಷ್ಟು ಹತ್ತಿರವಿರಬೇಕು. ಭಾಷೆಯ ಸರದಿ ಕೊನೆಗೆ.

ಡೊಂಬಿವಲಿಯಲ್ಲಿ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯವಿದೆ. ಆದರೆ ಕಲ್ಯಾಣದ ಒಂದು ಮೂಲೆಯಲ್ಲೋ ವಾಶಿಯ ಒಂದು ಸೆಕ್ಟರಿನಲ್ಲೋ ಇದ್ದ ಕನ್ನಡದ ತಾಯಿ ಮೂರು ವರ್ಷದ ಕೂಸನ್ನು ಲೋಕಲ್ಲಿನಲ್ಲಿ ತುರುಕಿಕೊಂಡು ಅಲ್ಲಿಗೆ ಬರುವುದು ಹೇಗೆ? ವಾಶಿಗಂತೂ ರೈಲು ಬಂದದ್ದೇ 1992ರಲ್ಲಿ. ಹೀಗೆ ಎಷ್ಟೋ ಮಕ್ಕಳು ಪಕ್ಕದ ಗಲ್ಲಿಯ ಮರಾಠಿ ಬಾಲವಾಡಿಗೆ ಹೋದವು. ಮರಾಠಿಯಲ್ಲಿ ಟೀಚರಿಗೆ 'ಬಾಯಿ' ಎನ್ನುತ್ತಾರೆ. ನಮ್ಮ ಮಗಳು "ಬಾಯಿ ಹೇಳಿದ್ರು" ಎಂದಾಗ ಊರಿಂದ ಬಂದಿದ್ದ ನಮ್ಮಮ್ಮ, "ಬಾಯಲ್ಲದೆ ಕೈ ಹೇಳ್ತದಾ ಮಗಾ?" ಎಂದು ನಕ್ಕಿದ್ದರು. ಆ ಬಾಯಿಯೋ, ಜ್ವರ ಬಂದ ದಿನ ಮಗುವನ್ನು ಹೆಗಲಿಗೆ ಹಾಕಿಕೊಂಡು ಮನೆತನಕ ತಂದು ಬಿಟ್ಟವರು.

ವಾಣಿಜ್ಯ ಓದಿದವನಾದ್ದರಿಂದ ಜಮೆ-ಖರ್ಚು ಎರಡನ್ನೂ ಬರೆಯಬೇಕು. ಜಮೆ: ಮಕ್ಕಳು ಹೆದರದೆ ಬೆಳೆದರು, ನೆರೆಯ ಭಾಷೆ ಮನೆಯ ಭಾಷೆಯಷ್ಟೇ ಸಲೀಸಾಯಿತು. ಖರ್ಚು: ಮರಾಠಿ ಬಾಲವಾಡಿಯಿಂದ ಇಂಗ್ಲಿಷ್ ಶಾಲೆಗೆ ಹೋದವರು ಕನ್ನಡ ಆಡುತ್ತಾರೆ, ಓದಲಾರರು. ನನ್ನ ಮಗಳಿಗೆ ಈ ಲೇಖನವನ್ನು ನಾನೇ ಓದಿ ಹೇಳಬೇಕು.

ಈಗ ಅವಳು ಖಾರಘರದಲ್ಲಿ ತನ್ನ ಮಗುವಿಗೆ ಪ್ಲೇಗ್ರೂಪ್ ಹುಡುಕುತ್ತಿದ್ದಾಳೆ. ಸಿಸಿಟಿವಿ ಇದೆ, ಮೊಬೈಲಿಗೆ ಫೋಟೋ ಬರುತ್ತದೆ. 2020ರ ಶಿಕ್ಷಣ ನೀತಿ ಮೂರನೆಯ ವರ್ಷದಿಂದಲೇ ಕಲಿಕೆಯ ಲೆಕ್ಕ ಹಿಡಿದು, ಸಾಧ್ಯವಾದಲ್ಲಿ ಮನೆಮಾತಿನಲ್ಲೇ ಕಲಿಸಿ ಎನ್ನುತ್ತದೆ. ಅವಳು ಕೇಳುವುದು ಮಾತ್ರ ತಾಯಿ ಕೇಳಿದ್ದನ್ನೇ: ಅತ್ತರೆ ಎತ್ತಿಕೊಳ್ತಾರಾ?

ಊರಲ್ಲಿರುವ ನೀವು, ಹೊರನಾಡಿನ ತಾಯಂದಿರು ಕನ್ನಡ ಬಿಟ್ಟರೆಂದು ಬೇಸರಪಡುತ್ತೀರಿ. ಅವರು ಬಿಟ್ಟದ್ದಲ್ಲ, ಮಗುವನ್ನು ನಂಬಿ ಒಪ್ಪಿಸುವ ಕೈ ಕಾಲ್ನಡಿಗೆಯ ದೂರದಲ್ಲಿ ಸಿಕ್ಕಾಗ, ಅದು ಯಾವ ಭಾಷೆಯ ಕೈಯೆಂದು ಕೇಳಲಿಲ್ಲ, ಅಷ್ಟೇ. ಕನ್ನಡ ಉಳಿಯಬೇಕಾದರೆ ಅಂಥದೊಂದು ಕೈ ನಮ್ಮದೂ ಆ ಗಲ್ಲಿಯಲ್ಲಿ ಇರಬೇಕಾಗುತ್ತದೆ.