ಬಚ್ಚಲುಮನೆಯ ಹೊರಗೋಡೆ
ಹಳೆಯ ಮನೆಗಳಲ್ಲಿ ಒಂದು ಮುಖ ಬಯಲಿಗೆ, ಇನ್ನೊಂದು ಮುಖ ಸ್ನಾನದ ನೀರಿಗೆ ಒಡ್ಡಿಕೊಂಡ ಗೋಡೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ಸೀಮೆಯಲ್ಲಿ ಇದನ್ನು ಮಣ್ಣಿನಿಂದಲೋ ಬಂಡೆ ಸೀಳಿ ತೆಗೆದ ಕಲ್ಲುಚಪ್ಪಡಿಯಿಂದಲೋ ಕಟ್ಟುತ್ತಿದ್ದರು. ಎರಡರ ಗುಣ ಬೇರೆ. ದಪ್ಪ ಮಣ್ಣುಗೋಡೆ ನಿಧಾನವಾಗಿ ತಣಿಯುತ್ತದೆ; ಗ್ರಾನೈಟ್ ಚಪ್ಪಡಿಯಲ್ಲಿ ಶಾಖ ಅದಕ್ಕಿಂತ ಬಹಳ ಸುಲಭವಾಗಿ ಹಾಯುವುದರಿಂದ ಮಾಗಿಯ ಬೆಳಗಿನಲ್ಲಿ ಮುಟ್ಟಿದರೆ ಕೈ ಕೊರೆಯುತ್ತದೆ. ಬಿಸಿನೀರಿನ ಹಬೆ ಅದರ ಮೇಲೆ ಹನಿಗಟ್ಟಿ ಬೂಷ್ಟು ಹಿಡಿಯುತ್ತದೆ. ಹಿಂದೆ ಹಂಡೆಯ ಒಲೆ ಬಚ್ಚಲಲ್ಲೇ ಇದ್ದು ಗೋಡೆಯನ್ನು ಒಣಗಿಸುತ್ತಿತ್ತು (ಹೊಗೆಯ ಕಾಟ ಬೇರೆ ಮಾತು). ಗೀಸರ್, ಸೋಲಾರ್ ಬಂದಮೇಲೆ ಥಂಡಿ ಎದ್ದು ಕಾಣತೊಡಗಿತು.

ಈ ಥಂಡಿ ತಡೆಯಲು ಮೊದಲು ನೋಡಬೇಕಾದದ್ದು ನೀರಿನ ದಾರಿ: ಸೋರುವ ಸೂರು, ಬುಡದಲ್ಲಿ ನಿಲ್ಲುವ ನೀರು, ಬಿರುಕು. ಮಣ್ಣುಗೋಡೆಗೆ ಸುಣ್ಣದ ಗಾರೆ ಹೊಂದುತ್ತದೆ. ಸಿಮೆಂಟು ಬಳಿದರೆ ತೇವ ಒಳಗೇ ಉಳಿದು ಪದರ ಕಳಚುತ್ತದೆ. ಚಪ್ಪಡಿಯಾದರೆ ಎರಡು ಅಂಗುಲ ತೆರಪು ಬಿಟ್ಟು ಒಳಬದಿಗೆ ನಾಲ್ಕೂವರೆ ಅಂಗುಲದ ಇಟ್ಟಿಗೆ ಗೋಡೆ ಕಟ್ಟುವುದು ಬಾಳಿಕೆಯ ಉಪಾಯ. ಜಾಗ ಮಾತ್ರ ತಿನ್ನುತ್ತದೆ. ಥರ್ಮಾಕೋಲ್ ಹಲಗೆ ಹಾಕುವವರು ಹಬೆ ಹಿಂದಕ್ಕೆ ನುಸುಳದಂತೆ ಅಂಚು ಮುಚ್ಚಬೇಕು. ಎತ್ತರದಲ್ಲೊಂದು ಗವಾಕ್ಷಿ ಇರದಿದ್ದರೆ ಇದಾವುದೂ ನಿಲ್ಲದು.